ವೇಲ್ಸ್‌ನಲ್ಲೂ ಹಾಸಿದ ಎರಡು ಹಾಸಿಗೆ

ಮಂಗಳವಾರ, ದೇವನಹಳ್ಳಿ

ವಿಮಾನ ನಮಗೆ ಹೊಸದಲ್ಲ. ಆವತಿಯಲ್ಲಿ ನಮ್ಮ ಹುಳು ಮನೆಯ ತಗಡಿನ ಮೇಲೆ ದಿನವಿಡೀ ಹಾರುತ್ತಲೇ ಇರುತ್ತವೆ. ಹುಳು ಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ಅಲ್ಲಿಯ ಬಿಸಿ ಎಷ್ಟು, ತೇವ ಎಷ್ಟು, ಸೊಪ್ಪು ಹಾಕಿದ್ದು ಎಷ್ಟು ಹೊತ್ತಿಗೆ ಎಂದು ಬರೆದಿಡುವ ಕೆಲಸ ಹೈಸ್ಕೂಲಿನಿಂದಲೂ ನನ್ನದು. ಆ ಚಾಳಿ ಕೈಗೆ ಹತ್ತಿ, ಈಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಡುತ್ತೇನೆ. ಆದರೆ ವಿಮಾನ ನಿಲ್ದಾಣ ಅಷ್ಟು ಹತ್ತಿರವಿದ್ದರೂ ಅಮ್ಮನಾಗಲಿ ನಾನಾಗಲಿ ಅದರೊಳಗೆ ಕಾಲಿಟ್ಟದ್ದು ಅಂದೇ ಮೊದಲು.

ಹೊರಟದ್ದು ಅಕ್ಕನ ಮನೆಗೆ. ನನ್ನ ಅಕ್ಕ ರೂಪ ವೇಲ್ಸ್‌ನ ಸ್ವಾನ್ಸಿ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮೂರು ವರ್ಷದ ಹಿಂದೆ ಅಲ್ಲಿಯವಳೇ ಆದ ಕ್ಯಾರಿಸ್ ಎಂಬುವಳನ್ನು ಮದುವೆಯಾದಳು. ಕ್ಯಾರಿಸ್ ಊರೊಳಗಿನ ಬಸ್ಸು ಓಡಿಸುತ್ತಾಳೆ. ಅಲ್ಲಿ ಅಂಥ ಮದುವೆಗೆ ಕಾನೂನಿನಲ್ಲಿ ಜಾಗ ಇದೆ, ಅಂಥ ದಂಪತಿ ಮಗುವನ್ನು ದತ್ತು ಪಡೆಯುವುದಕ್ಕೂ ಇದೆ. ಇಬ್ಬರೂ ಅರ್ಜಿ ಹಾಕಿದ್ದರು. ಮಗು ಕೊಡುವ ಮೊದಲು ಅಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ತಿಂಗಳುಗಟ್ಟಲೆ ಮನೆಗೆ ಬಂದು ಹೋಗುತ್ತಾಳೆ. ಚಿಕ್ಕಂದಿನಲ್ಲಿ ನಿಮ್ಮನ್ನು ಯಾರು ಮುದ್ದು ಮಾಡುತ್ತಿದ್ದರು, ಯಾತಕ್ಕೆ ಜಗಳವಾಡುತ್ತೀರಿ, ಜಗಳವಾದ ಮೇಲೆ ಮೊದಲು ಮಾತಾಡುವವರು ಯಾರು ಎಂದೆಲ್ಲ ಕೇಳುತ್ತಾಳೆ. ಎಲ್ಲ ಮುಗಿದು ಕೊನೆಗೆ ಉಳಿದದ್ದು ಒಂದೇ: ಅಜ್ಜಿಯಾಗುವವಳನ್ನು ನೋಡುವುದು. ಫೋನಿನಲ್ಲೇ ಮುಗಿಸಬಹುದಿತ್ತು. ಅಕ್ಕ ಒಪ್ಪಲಿಲ್ಲ. "ಬಂದು ನಾವು ಹೆಂಗೆ ಬದುಕ್ತಿದೀವಿ ಅಂತ ಒಂದ್ಸಲ ಕಣ್ಣಲ್ಲಿ ನೋಡಿ" ಎಂದಳು.

ಊರಿನಲ್ಲಿ ನಾವು ಹೇಳಿಕೊಂಡು ಬಂದದ್ದು ಬೇರೆ. "ಫ್ರೆಂಡ್ ಜೊತೆ ಮನೆ ಮಾಡ್ಕೊಂಡವ್ಳೆ" ಎನ್ನುವುದು ಅಮ್ಮನ ಸಿದ್ಧ ಉತ್ತರ. ಹಿಂದಿನ ವರ್ಷ ಕ್ಯಾರಿಸ್ ಆವತಿಗೆ ಬಂದಾಗ, ಬೀದಿಯ ಕಡೆಯ ಕೋಣೆಯಲ್ಲಿ ಎರಡು ಕಿರಿದಾದ ಮಂಚಗಳನ್ನು ಆ ಗೋಡೆಗೊಂದು ಈ ಗೋಡೆಗೊಂದು ಹಾಕಿ, ನಡುವೆ ಜನ ಓಡಾಡುವಷ್ಟು ಜಾಗ ಬಿಟ್ಟು ಹಾಸಿದವಳು ನಾನೇ. ನೋಡಲು ಬಂದವರು ಇಣುಕಿ ಸಮಾಧಾನದಿಂದ ಹೋದರು. ಅಕ್ಕ ತನ್ನ ದಿಂಬನ್ನು ಒಂದರ ಮೇಲೆ ಇಟ್ಟುಕೊಂಡಳು.

ಅಪ್ಪ ಬರುವಂತಿರಲಿಲ್ಲ. ಹುಳು ನಾಲ್ಕನೇ ಜ್ವರದಲ್ಲಿದ್ದವು, ಅಂದರೆ ಪೊರೆ ಬಿಡುತ್ತಿದ್ದವು. ಆ ಹೊತ್ತಿನಲ್ಲಿ ಮನೆ ಬಿಡಲಾಗದು. ನಿಲ್ದಾಣದ ಬಾಗಿಲಲ್ಲಿ ಅಪ್ಪ ಅಮ್ಮನ ಬ್ಯಾಗನ್ನು ಎತ್ತಿ ನೋಡಿ, "ಏನೇ ಇದು, ಕಲ್ಲು ತುಂಬಿದೀಯಾ?" ಎಂದರು. "ಸುಮ್ನಿರಿ" ಎಂದಳು ಅಮ್ಮ.

ಅದೇ ಮಂಗಳವಾರ, ಲಂಡನ್

ಪಡುವಣಕ್ಕೆ ಹಾರಿದರೆ ದಿನ ಮುಗಿಯುವುದೇ ಇಲ್ಲ. ಲಂಡನ್ನಿನಲ್ಲಿ ಇಳಿದಾಗಲೂ ಮಂಗಳವಾರವೇ ಇತ್ತು. ಸಾಮಾನು ತೆಗೆದುಕೊಂಡು ಹೊರಗೆ ಬರುವ ದಾರಿಯಲ್ಲಿ ಒಂದು ಕಂದು ನಾಯಿ ಅಮ್ಮನ ಬ್ಯಾಗು ಮೂಸಿ ಪಕ್ಕದಲ್ಲೇ ಸುಮ್ಮನೆ ಕುಳಿತುಕೊಂಡಿತು. "ಪಾಪ, ಹಸಿದಿರಬೇಕು" ಎಂದಳು ಅಮ್ಮ. ಹಿಂದೆಯೇ ಬಂದ ಅಧಿಕಾರಿ ಬ್ಯಾಗು ಬಿಚ್ಚಿಸಿದ. ಎರಡು ಸೀರೆಯೊಳಗೆ ಸುತ್ತಿದ್ದ, ನನಗೂ ಹೇಳದೆ ತಂದಿದ್ದ ಚಕ್ಕೋತ ಹಣ್ಣು ಹೊರಬಂತು. ಆವತಿಗೆ ಬಂದಿದ್ದಾಗ ಕ್ಯಾರಿಸ್ ಚಕ್ಕೋತವನ್ನು ಇಷ್ಟಪಟ್ಟು ತಿಂದದ್ದು ಅಮ್ಮನಿಗೆ ನೆನಪಿತ್ತು.

ಅಧಿಕಾರಿ ಕೋಪ ಮಾಡಿಕೊಳ್ಳಲಿಲ್ಲ. ಹಣ್ಣು ಒಳಗೆ ತರುವಂತಿಲ್ಲ, ಮೊದಲೇ ಹೇಳಿಬಿಟ್ಟಿದ್ದರೆ ಇಷ್ಟು ಹೊತ್ತು ನಿಲ್ಲಬೇಕಿರಲಿಲ್ಲ ಎಂದು ಹೇಳಿ ಅದನ್ನು ತೊಟ್ಟಿಗೆ ಹಾಕಿದ. ಹಸಿರು ಹಣ್ಣು ತೊಟ್ಟಿಯ ತಳಕ್ಕೆ ಬಿದ್ದ ಸದ್ದು ಕೇಳಿ ಅಮ್ಮನ ಮುಖ ಸಣ್ಣದಾಯಿತು.

"ಹೇಳೋದಲ್ವೇನಮ್ಮಾ?" ಎಂದೆ.

"ಕೇಳಿದ್ರೆ ಹೇಳ್ತಿದ್ದೆ. ಕೇಳ್ದೆ ಇರೋದನ್ನ ನಾವಾಗ್ ನಾವೇ ಯಾಕೆ ಹೇಳ್ಬೇಕು?"

ಅಮ್ಮನ ಬದುಕೆಲ್ಲ ಈ ಒಂದು ನಿಯಮದ ಮೇಲೆ ನಡೆದಿತ್ತು. ಅಂದಿನ ಪುಟದಲ್ಲಿ ಹಾಗೆಯೇ ಬರೆದುಕೊಂಡೆ.

ಮೊದಲ ವಾರ, ಕ್ಯಾರಿಸ್‌ಳ ಬಸ್ಸಿನಲ್ಲಿ

ಸ್ವಾನ್ಸಿ ಗುಡ್ಡದಿಂದ ಕಡಲಿಗೆ ಇಳಿಯುವ ಊರು. ಅಕ್ಕನ ಮನೆ ಗುಡ್ಡದ ಮೇಲಿನ ಬೀದಿಯಲ್ಲಿದೆ. ಬೀದಿಯ ಮನೆಗಳೆಲ್ಲ ಭುಜಕ್ಕೆ ಭುಜ ಕೊಟ್ಟು ನಿಂತಿವೆ, ಒಂದಕ್ಕೊಂದು ಗೋಡೆ ಹಂಚಿಕೊಂಡಿವೆ. ಬೋರ್ಡುಗಳಲ್ಲಿ ಮೊದಲು ವೆಲ್ಷ್, ಆಮೇಲೆ ಇಂಗ್ಲಿಷ್. ರಸ್ತೆಯ ಮೇಲೆ ನಿಧಾನವಾಗಿ ಹೋಗಿ ಎಂಬುದನ್ನೂ ಎರಡೆರಡು ಸಲ ಬರೆದಿದ್ದಾರೆ. ದೇವನಹಳ್ಳಿಯ ರಸ್ತೆಯಲ್ಲಿ ಎಷ್ಟು ಭಾಷೆಯಲ್ಲಿ ಬರೆದರೂ ಯಾರಾದರೂ ನಿಧಾನವಾಗಿ ಹೋಗುತ್ತಾರೆಯೇ ಎಂದುಕೊಂಡೆ.

ಮೇಲಿನ ಮಹಡಿಯಲ್ಲಿ ಎರಡು ಕೋಣೆ. ದೊಡ್ಡದು ಅವರಿಬ್ಬರದು. ಚಿಕ್ಕದಕ್ಕೆ ತೆಳು ಹಳದಿ ಬಣ್ಣ ಬಳಿದು, ಪಕ್ಕಕ್ಕೆ ತಡೆ ಇರುವ ಪುಟ್ಟ ಮಂಚ ಹಾಕಿ, ಗೋಡೆಗೆ ಬಹಳ ತಗ್ಗಿನಲ್ಲಿ ಒಂದು ಕೊಕ್ಕೆ ಹೊಡೆದಿದ್ದರು. ಮಗು ತನ್ನ ಕೋಟನ್ನು ತಾನೇ ನೇತುಹಾಕಬೇಕಂತೆ. ಆ ಕೋಣೆಯಲ್ಲಿ ಮಲಗಲು ಅಕ್ಕ ನಮ್ಮನ್ನು ಬಿಡಲಿಲ್ಲ. "ಆ ರೂಮಲ್ಲಿ ಮೊದ್ಲು ಮಗೂನೇ ಮಲಗ್ಬೇಕು" ಎಂದಳು. ನಮಗೆ ಕೆಳಗಿನ ಹಾಲ್‌ನ ಸೋಫಾ. ಮೆಟ್ಟಿಲ ಗೋಡೆಯ ಮೇಲೆ ಅವರ ಮದುವೆಯ ಫೋಟೋ ಇತ್ತು. ಅಕ್ಕ ಅದರಲ್ಲಿ ಉಟ್ಟಿದ್ದು ನಮ್ಮ ಮನೆಯ ಗೂಡಿನ ರೇಷ್ಮೆಯಷ್ಟೇ ಹೊಳೆಯುವ ಹಸಿರು ಸೀರೆ. ಅಮ್ಮ ಹತ್ತುವಾಗ ಇಳಿಯುವಾಗ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು.

ಅಷ್ಟು ದೊಡ್ಡ ಬಸ್ಸನ್ನು ಅಂಥ ಇಳಿಜಾರಿನಲ್ಲಿ ತಿರುಗಿಸುವ ಸೊಸೆ ಎಂಬುದು ಅಮ್ಮನಿಗೆ ನಂಬಲು ಕಷ್ಟವಾಯಿತು. ಸೊಸೆ ಎಂಬ ಮಾತು ನನ್ನದು. ಅಮ್ಮ ಆಗಿನ್ನೂ "ಆ ಹುಡುಗಿ" ಎನ್ನುತ್ತಿದ್ದಳು. ಆದರೆ ದಿನವೂ ಟಿಫಿನ್ ಮುಗಿಸಿ ಕ್ಯಾರಿಸ್‌ಳ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು, ಗುಡ್ಡದಿಂದ ಕಡಲಿಗೆ, ಕಡಲಿಂದ ಗುಡ್ಡಕ್ಕೆ ಸುತ್ತು ಹೊಡೆಯುವುದು ರೂಢಿಯಾಯಿತು. ಅಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಮೀಸೆ ಚಿಗುರದ ಹುಡುಗರೂ ಹೇಳುತ್ತಾರೆ, ಕಿವಿಗೆ ಸಿಗಿಸಿಕೊಂಡ ಹಾಡು ತೆಗೆಯದೆಯೇ ಹೇಳುತ್ತಾರೆ. ನಾನು ಒಂದು ಬೆಳಗ್ಗೆ ಗೀಟು ಎಳೆದು ಲೆಕ್ಕ ಇಟ್ಟೆ. ಹೇಳದೆ ಇಳಿದವನು ಒಬ್ಬನೇ, ಅವನೂ ಮುಗ್ಗರಿಸಿ ಇಳಿದವನು. ಹೊಸಕೋಟೆ ಬಸ್ಸಿನಲ್ಲಿ ಡ್ರೈವರಿಗೆ ಥ್ಯಾಂಕ್ಸ್ ಅಂದರೆ ಅವನು ಚಿಲ್ಲರೆ ಏನಾದರೂ ಬಾಕಿ ಇದೆಯೇ ಎಂದು ಕಂಡಕ್ಟರನ ಕಡೆ ನೋಡುತ್ತಾನೆ.

ಎರಡನೆಯ ದಿನ, ಗಾಲಿ ಇರುವ ಹೂವಿನ ಚೀಲ ಎಳೆದುಕೊಂಡು ಒಬ್ಬ ಅಜ್ಜಿ ಹತ್ತಿದಳು. "ರೂಪ ಹೇಗಿದ್ದಾಳೆ? ಮಗುವಿನ ವಿಷಯ ಎಲ್ಲಿಗೆ ಬಂತು?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕ್ಯಾರಿಸ್‌ಳನ್ನು ವಿಚಾರಿಸಿದಳು. ಕ್ಯಾರಿಸ್ ಗೇರು ಬದಲಿಸುತ್ತ ಅಷ್ಟೇ ಗಟ್ಟಿಯಾಗಿ, "ಇವರೇ ನನ್ನ ಅತ್ತೆ, ಇವರನ್ನು ನೋಡುವುದೊಂದು ಬಾಕಿ" ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಕಿಟಕಿಯ ಕಡೆಗೆ ತಿರುಗಿಕೊಂಡಳು.

"ಎಲ್ಲಾರ್ಗೂ ಹೇಳ್ಕೊಂಡ್ ತಿರುಗ್ತಾಳೇನೇ ಇವ್ಳು?"

"ಇಲ್ಲಿ ಎಲ್ರಿಗೂ ಗೊತ್ತಂತಮ್ಮಾ."

"ಅಯ್ಯೋ ಶಿವನೇ" ಎಂದಳು. ಮುಂದಿನ ಸ್ಟಾಪಿನಲ್ಲಿ ಇಳಿಯುವಾಗ ಅಜ್ಜಿ ಅಮ್ಮನ ಕೈ ಹಿಡಿದು ಅಲುಗಿಸಿ ಹೋದಳು.

ಎರಡನೆಯ ಮಂಗಳವಾರ, ಅಡುಗೆಮನೆ

ಆ ದಿನ ಬೆಥನ್ ಬರುವುದಿತ್ತು. ಬೆಥನ್ ಎಂದರೆ ನಾನು ಹೇಳಿದ ಸಮಾಜ ಕಾರ್ಯಕರ್ತೆ. ಅವಳು ಬರೆದುಕೊಡುವ ವರದಿಯನ್ನು ಓದಿಯೇ ಪ್ಯಾನಲ್ ಎಂಬ ಸಮಿತಿ ಇವರಿಗೆ ಮಗು ಕೊಡಬಹುದೋ ಬಾರದೋ ಎಂದು ಹೇಳುತ್ತದೆ. ಅಕ್ಕ ರಾತ್ರಿ ಪಾಳಿಯಲ್ಲಿದ್ದಳು. ಬೆಳಗಿನ ಸುತ್ತು ಮುಗಿಸಿ ಕ್ಯಾರಿಸ್ ಅವಳನ್ನು ಕರೆತರುವವಳಿದ್ದಳು. ಮನೆಯಲ್ಲಿ ನಾವಿಬ್ಬರೇ.

"ಭವಿ, ಬಾರೇ ಇಲ್ಲಿ" ಎಂದು ಅಮ್ಮ ಮಹಡಿಯಿಂದ ಕೂಗಿದಳು. "ಬರೋಳು ಗೌರ್ಮೆಂಟ್ ಹೆಂಗ್ಸು. ಮೇಲೆ ಬಂದು ನೋಡಿದ್ರೆ ಒಂದೇ ಮಂಚ. ಏನಂದ್ಕೊಳಲ್ಲ?"

"ಅವ್ರಿಗೆ ಗೊತ್ತಲ್ವೇನಮ್ಮಾ?"

"ಗೊತ್ತಿರೋದು ಬೇರೆ, ಕಣ್ಣಿಗೆ ರಾಚೋದು ಬೇರೆ. ಮಗು ಕೊಡೋರು ಕಣೇ. ನಾಕು ಜನ ಒಪ್ಪೋ ಹಂಗೆ ಕಾಣ್ಬೇಡ್ವಾ?"

ನಮ್ಮ ಕಡೆ ಹೆಣ್ಣು ನೋಡಲು ಬರುವ ದಿನ ಹರಿದ ಚಾಪೆ ಅಟ್ಟಕ್ಕೆ ಹೋಗುತ್ತದೆ, ಪಕ್ಕದ ಮನೆಯ ಕುರ್ಚಿ ನಮ್ಮ ಮನೆಗೆ ಬರುತ್ತದೆ. ಅದನ್ನು ಯಾರೂ ಸುಳ್ಳು ಎಂದು ಕರೆಯುವುದಿಲ್ಲ. ನನಗೂ ಅದು ಹಾಗೆಯೇ ಕಂಡಿತು. ಕೆಲಸ ಹೇಳಿದರೆ ಅಚ್ಚುಕಟ್ಟಾಗಿ ಮಾಡುವವಳು ನಾನು. ಹಳದಿ ಕೋಣೆಯ ಪುಟ್ಟ ಮಂಚವನ್ನು ಮೂಲೆಗೆ ತಳ್ಳಿ ನೆಲದ ಮೇಲೆ ಒಂದು ಹಾಸಿಗೆ ಹಾಸಿದೆ. ಕ್ಯಾರಿಸ್‌ಳ ದಿಂಬು, ಓದುವ ಕನ್ನಡಕ, ಅರ್ಧ ಓದಿದ ಪುಸ್ತಕ ಅಲ್ಲಿಗೆ ಬಂದವು. ಅವಳ ಬಸ್ಸಿನ ಕೋಟು ಆ ತಗ್ಗಿನ ಕೊಕ್ಕೆಗೆ ಬಂತು. ಮೆಟ್ಟಿಲ ಮೇಲಿನ ಮದುವೆ ಫೋಟೋ ಸೋಫಾದ ಕೆಳಗೆ ಹೋಯಿತು. ಖಾಲಿ ಮೊಳೆಗೆ ಅಮ್ಮ ದೇವನಹಳ್ಳಿಯಿಂದ ತಂದಿದ್ದ ದೇವರ ಕ್ಯಾಲೆಂಡರ್ ನೇತುಹಾಕಿದಳು.

ಅಕ್ಕ, ಕ್ಯಾರಿಸ್, ಬೆಥನ್ ಮೂವರೂ ಗೇಟಿನಲ್ಲೇ ಸಿಕ್ಕಿ ಒಟ್ಟಿಗೆ ಒಳಗೆ ಬಂದರು. ಮೇಲೆ ಹೋಗಿ ನೋಡಲು ಯಾರಿಗೂ ಹೊತ್ತು ಸಿಗಲಿಲ್ಲ. ಬೆಥನ್ ಐವತ್ತರ ಆಸುಪಾಸಿನವಳು, ಮೆತ್ತಗಿನ ದನಿಯವಳು. ಮನೆಯವರೇ ಅನುವಾದ ಮಾಡುವಂತಿಲ್ಲ ಎಂದು ಹೇಳಿ, ಫೋನನ್ನು ಮೇಜಿನ ನಡುವೆ ಇಟ್ಟಳು. ಫೋನಿನೊಳಗಿಂದ ಎಲ್ಲಿಯೋ ಕುಳಿತ ಹೆಂಗಸೊಬ್ಬಳ ದನಿ ಬಂತು.

"ನಮಸ್ಕಾರ್ರಿ ಅವ್ವಾರ. ನಾ ದುಭಾಷಿ. ಇಲ್ಲಿ ಆಡಿದ ಮಾತು ಎಲ್ಲಾ ನಾ ಇಂಗ್ಲಿಷ್‌ನ್ಯಾಗ ಹೇಳ್ತೀನ್ರಿ. ಒಂದೂ ಬಿಡೂದಿಲ್ಲ, ಒಂದೂ ಕೂಡ್ಸೂದಿಲ್ಲ."

ಅಮ್ಮನ ಮುಖ ಅರಳಿತು. "ಧಾರವಾಡದ ಕಡೆಯೋರಾ ತಾಯಿ? ಮದುವೆ ಆಗಿದ್ಯಾ?"

ದನಿ ಅದನ್ನು ಚಾಚೂ ತಪ್ಪದೆ ಇಂಗ್ಲಿಷಿನಲ್ಲಿ ಹೇಳಿತು. ಆಮೇಲೆ "ಅದನ್ನ ಹೇಳಾಕ ಬರೂದಿಲ್ರಿ" ಎಂದಿತು. ಅದನ್ನೂ ಇಂಗ್ಲಿಷಿನಲ್ಲಿ ಹೇಳಿತು. ಬೆಥನ್ ನಕ್ಕಳು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ರೂಪ ಚಿಕ್ಕವಳಿದ್ದಾಗ ಹೇಗಿದ್ದಳು? ಹುಳಕ್ಕೆ ಸೊಪ್ಪು ಹಾಕುತ್ತ ಅವುಗಳ ಜೊತೆ ಮಾತಾಡುತ್ತಿದ್ದಳು. ಕ್ಯಾರಿಸ್ ಹೇಗೆ? "ಒಳ್ಳೆ ಹುಡುಗಿ. ಇಬ್ರೂ ಒಳ್ಳೆ ಫ್ರೆಂಡ್ಸು."

"ಅಮ್ಮಾ!" ಎಂದಳು ಅಕ್ಕ.

ಬೆಥನ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅಮ್ಮನಿಗೆ ಗಾಬರಿಯಾಯಿತು. ಗಾಬರಿಯಾದಾಗ ಅವಳು ಮಾಡುವುದನ್ನೇ ಮಾಡಿದಳು. ನನ್ನ ಕಡೆ ಬಾಗಿ, ಸೆರಗಿನ ಮರೆಯಲ್ಲಿ ಪಿಸುಗುಟ್ಟಿದಳು.

"ದಿಂಬು ಆ ರೂಮ್ಗೆ ಹಾಕಿದೀಯಾ ತಾನೇ? ಇವ್ಳು ಮೇಲೆ ಹೋದ್ರೆ ಇಬ್ರೂ ಒಂದೇ ಕಡೆ ಮಲಗ್ತಾರೆ ಅಂತ ಗೊತ್ತಾಗ್ಬಾರ್ದು ಕಣೇ."

ಪಿಸುಮಾತೂ ಫೋನಿಗೆ ಕೇಳಿಸಿತ್ತು. ಆಮೇಲೆ ದನಿ, ಧಾರವಾಡದ್ದು ಎಂದು ಗುರುತೇ ಸಿಗದ ಶುದ್ಧ ಇಂಗ್ಲಿಷಿನಲ್ಲಿ, ದಿಂಬನ್ನೂ ಬಿಡದೆ, ಎಲ್ಲವನ್ನೂ ಹೇಳಿ ಮುಗಿಸಿತು.

ಟೀ ನೀರು ಕುದಿದು ಕೆಟಲ್ ಟಕ್ಕೆಂದು ಆರಿತು. "ನಾನೊಮ್ಮೆ ಮೇಲೆ ನೋಡಬಹುದೇ?" ಎಂದು ಬೆಥನ್ ಕೇಳಿ, ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ನಾವೆಲ್ಲ ಹಿಂದೆ.

ಬಾಗಿಲು ತೆರೆದಾಗ ಮೊದಲು ಕಂಡದ್ದು ಕೋಟು. ಮಗುವಿನ ಎತ್ತರಕ್ಕೆ ಹೊಡೆದ ಕೊಕ್ಕೆಯಲ್ಲಿ ಕ್ಯಾರಿಸ್‌ಳ ದೊಡ್ಡ ನೀಲಿ ಕೋಟು ಅರ್ಧ ನೆಲಕ್ಕೆ ಬಿದ್ದುಕೊಂಡಿತ್ತು. ಕ್ಯಾರಿಸ್ ಅದನ್ನು ನೋಡಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ಅಮ್ಮನ ಕಡೆ ತಿರುಗಿದಳು. "ಆವತೀಲಿ ಎರಡು ಹಾಸಿಗೆ ಹಾಕಿದ್ರಿ. ನಿಮ್ಮನೆ, ನಿಮ್ಮೂರು ಅಂತ ಸುಮ್ನಿದ್ದೆ. ನನ್ ಮನೇಲೂ ಹಾಕ್ಬಿಟ್ರೇನಮ್ಮಾ? ಅದೂ ನನ್ ಮಗು ರೂಮಲ್ಲಿ?"

ಬೆಥನ್‌ಳ ಕೈಯಲ್ಲಿದ್ದ ಫೋನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿತು. "ನಾನು ಸುಮ್ಮನಿದ್ದೆ", "ನನ್ನ ಮನೆಯಲ್ಲೂ", "ನನ್ನ ಮಗುವಿನ ಕೋಣೆಯಲ್ಲಿ". ದುಭಾಷಿಗಳು ಹಾಗೆ ತಾವೇ ಆಡಿದಂತೆ ಹೇಳಬೇಕಂತೆ. ಒಂದೇ ಮಾತನ್ನು ಎರಡು ದನಿಯಲ್ಲಿ ಎರಡು ಸಲ ಕೇಳಿಸಿಕೊಂಡೆವು.

ಬೆಥನ್ ಆ ಹಾಸಿಗೆಯ ಅಂಚಿನ ಮೇಲೆಯೇ ಕುಳಿತಳು. ಅವಳು ಹೇಳಿದ್ದು ಇಷ್ಟು. ಒಬ್ಬರನ್ನೊಬ್ಬರು ಮದುವೆಯಾದ ಇಬ್ಬರು ಹೆಂಗಸರು ಎಂಬುದು ಆಕೆಗೆ ತೊಂದರೆಯೇ ಅಲ್ಲ, ಅದು ಮೊದಲ ದಿನದಿಂದ ಕಡತದಲ್ಲಿದೆ. ಆದರೆ ದತ್ತು ಬರುವ ಎಷ್ಟೋ ಮಕ್ಕಳು, ಮನೆಯೊಳಗೆ ನಡೆದದ್ದನ್ನು ಹೊರಗೆ ಹೇಳಬೇಡ ಎನ್ನಿಸಿಕೊಂಡೇ ಬೆಳೆದವರು. ಅಂಥ ಮಗುವಿಗೆ ಇನ್ನೊಂದು ಗುಟ್ಟು ಹೊರಿಸುವ ಮನೆಗೆ ಅದನ್ನು ಕಳಿಸಲು ತನ್ನಿಂದ ಆಗದು. ಕೊನೆಗೆ ಅಮ್ಮನನ್ನು ನೇರವಾಗಿ ನೋಡಿ ಕೇಳಿದಳು: "ಆ ಮಗು ನಿಮ್ಮ ಊರಿಗೆ ಬರುತ್ತದೆ. ಬೀದಿಯಲ್ಲಿ ಯಾರೋ, ಇವರಿಬ್ಬರು ನಿನಗೆ ಏನಾಗಬೇಕು ಎಂದು ಕೇಳುತ್ತಾರೆ. ಮಗು ಏನು ಹೇಳಬೇಕು?"

ಅಮ್ಮ ನೆಲಕ್ಕೆ ಬಿದ್ದಿದ್ದ ಕೋಟಿನ ಅಂಚನ್ನು ಎತ್ತಿ ಹಿಡಿದಳು. "ಯೋಚ್ನೆ ಮಾಡ್ಬೇಕು" ಎಂದಳು.

ಶುಕ್ರವಾರ ಮತ್ತೆ ಬರುತ್ತೇನೆ, ಅಲ್ಲಿಯವರೆಗೆ ವರದಿ ಮುಗಿಸುವುದಿಲ್ಲ ಎಂದು ಹೇಳಿ ಬೆಥನ್ ಹೊರಟಳು. ಅಕ್ಕ ಊಟ ಮಾಡದೆ ಮಲಗಿದಳು. ನಾನು ಹಾಸಿಗೆ ಸುತ್ತಿ ಕೋಟು ತೆಗೆದೆ. ಕ್ಯಾರಿಸ್ ಬಂದು ಪುಟ್ಟ ಮಂಚದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಎತ್ತಿ ಅದರ ಜಾಗಕ್ಕೆ ಇಟ್ಟೆವು.

ಬುಧವಾರ, ಕಡಲ ದಂಡೆ

ಅಮ್ಮ ಅದುವರೆಗೂ ಕಡಲನ್ನು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದಳು. ಅಂದು ಬೆಳಗ್ಗೆ ತಾನಾಗಿಯೇ "ಬಾ, ಹತ್ರ ಹೋಗೋಣ" ಎಂದಳು. ಹೋಗಿ ನೋಡಿದರೆ ಕಡಲೇ ಇಲ್ಲ! ಕಣ್ಣು ಹಾಯುವಷ್ಟು ದೂರ ಬರೀ ಒದ್ದೆ ಮರಳು, ಅಲ್ಲಲ್ಲಿ ಪಕ್ಕಕ್ಕೆ ವಾಲಿ ಕುಳಿತ ದೋಣಿಗಳು. "ನೀರೆಲ್ಲಿ ಹೋಯ್ತೇ?" ಎಂದಳು. ಸಂಜೆಗೆ ಬರುತ್ತದಂತೆ ಎಂದೆ. ನಾಯಿಗಳನ್ನು ಓಡಾಡಿಸಲು ಬಂದವರು ನಮಗೂ ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಿದ್ದರು.

ಬೆಂಚಿನ ಮೇಲೆ ಕುಳಿತು ಅಮ್ಮ ಅಪ್ಪನಿಗೆ ಫೋನು ಮಾಡಿಸಿದಳು. ನಡೆದದ್ದನ್ನೆಲ್ಲ ಹೇಳಿ, "ಆ ಮಗು ಬಂದ್ರೆ ಊರಲ್ಲಿ ಏನಂತೀರಾ?" ಎಂದಳು.

"ಮೊಮ್ಮಗು ಅಂತೀನಿ."

"ಅವ್ರಿಬ್ರೂ ಏನಾಗ್ಬೇಕು ಅಂದ್ರೆ?"

ಅಪ್ಪನ ಕಡೆಯಿಂದ ಸೊಪ್ಪಿನ ಮೇಲೆ ಹುಳು ಮೇಯುವ ಸರಸರ ಸದ್ದಷ್ಟೇ ಬಂತು. "ನೋಡು, ಹುಳು ಹಣ್ಣಾಗ್ತಿದೆ. ಚಂದ್ರಿಕೆಗೆ ಬಿಡ್ಬೇಕು. ನೀನೇ ಏನೋ ಒಂದು ತೀರ್ಮಾನ ಮಾಡು" ಎಂದು ಇಟ್ಟುಬಿಟ್ಟರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ.

ಅಮ್ಮ ಮರಳನ್ನು ನೋಡುತ್ತ ಕುಳಿತಳು. ಆಮೇಲೆ, "ಸರೋಜಂಗೆ ಹಾಕು" ಎಂದಳು.

ಸರೋಜತ್ತೆ ಅಪ್ಪನ ತಂಗಿ. ಹೊಸಕೋಟೆ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಅವಳಿಗೆ ಹೇಳಿದ್ದು ನಮ್ಮ ನೆಂಟರಲ್ಲಿ ಯಾರಿಗೂ ತಿಳಿಯದೆ ಉಳಿದದ್ದಿಲ್ಲ.

"ಅಮ್ಮಾ, ಅತ್ತೇಗಾ? ಯೋಚ್ನೆ ಮಾಡಿದೀಯಾ?"

"ಶುಕ್ರವಾರ ಆ ಯಮ್ಮ ಕೇಳ್ತಾಳೆ, ನಿಮ್ಮೋರಿಗೆ ಗೊತ್ತಾ ಅಂತ. ಗೊತ್ತು ಅಂತ ಸುಳ್ಳು ಹೇಳ್ಲಾ? ಮೊದ್ಲು ಹೇಳ್ಬಿಡೋಣ, ಆಮೇಲೆ ಹೇಳಿದೀನಿ ಅನ್ನೋಣ. ಹಾಕು."

ಅತ್ತೆ ಎತ್ತಿದಳು. ಹಿಂದೆ ಟೊಮೇಟೊ ಕೂಗುವ ಗದ್ದಲ.

"ಏನ್ ಅತ್ತಿಗೆ, ಫಾರಿನ್ನಿಂದ ಫೋನು! ಆಪಲ್ ತಿಂತಿದ್ದೀಯಾ?"

"ಸರೋಜ, ಒಂದ್ ವಿಷ್ಯ. ನಮ್ ರೂಪಂಗೆ ಮದ್ವೆ ಆಗಿದೆ. ಮೂರು ವರ್ಷ ಆಯ್ತು."

"ಏನಂದೆ? ಯಾರ್ ಜೊತೆ?"

"ಕ್ಯಾರೀಸು. ನಮ್ಮನೆಗೆ ಬಂದಿದ್ಳಲ್ಲ, ನಿನ್ ಕೈ ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣೀರು ಹಾಕಿದ್ಳಲ್ಲ. ಅವ್ಳ ಜೊತೆ. ಫ್ರೆಂಡು ಅಂತ ಹೇಳಿದ್ದೆ. ಫ್ರೆಂಡಲ್ಲ. ಈಗ ಮಗು ತಗೋತಿದಾರೆ."

ಟೊಮೇಟೊ ಕೂಗು ಹಾಗೆಯೇ ಮುಂದುವರಿಯಿತು. "ತಲೆ ಗಿಲೆ ಕೆಟ್ಟಿದ್ಯಾ ಅತ್ತಿಗೆ? ಇದನ್ನ ಬಾಯ್ಬಿಟ್ ಬೇರೆ ಹೇಳ್ತೀಯಾ?" ಎಂದಳು ಅತ್ತೆ. ಫೋನು ಕಡಿದುಹೋಯಿತು.

ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತು ಬಿಡು. ನಾಳೆ ಮಾರ್ಕೆಟ್ ತೆಗೆಯೋ ಹೊತ್ಗೆ ಎಲ್ಲಾರ್ಗೂ ಗೊತ್ತಾಗಿರುತ್ತೆ. ನಂಗೆ ಒಬ್ಬೊಬ್ರಿಗೇ ಹೇಳೋ ಕೆಲ್ಸ ತಪ್ತು" ಎಂದಳು. ನಾವು ಏಳುವ ಹೊತ್ತಿಗೆ ದೂರದಲ್ಲಿ ನೀರಿನ ಬಿಳಿ ಗೆರೆಯೊಂದು ಕಾಣತೊಡಗಿತ್ತು.

ಮರುದಿನ ಮಾರ್ಕೆಟ್ಟಿನ ಸುದ್ದಿಗಿಂತ ಮೊದಲು ಅತ್ತೆಯ ಫೋನೇ ಬಂತು. ನಾವಿನ್ನೂ ಹಾಸಿಗೆ ಬಿಟ್ಟಿರಲಿಲ್ಲ.

"ಅತ್ತಿಗೆ, ನಂಗೆ ನಿದ್ದೇನೇ ಬರ್ಲಿಲ್ಲ. ಒಂದ್ ಕೇಳ್ತೀನಿ ಹೇಳು. ಆ ಮನೇಲಿ ಅಡುಗೆ ಯಾರ್ ಮಾಡೋದು?"

"ಇಬ್ರೂ ಮಾಡ್ತಾರೆ. ಒಂದಿನ ಇವ್ಳು, ಒಂದಿನ ಅವ್ಳು."

"ಪಾತ್ರೆ?"

"ಇನ್ನೊಬ್ರು."

ಅತ್ತೆ ಉಸಿರು ಬಿಟ್ಟಳು. "ನಮ್ಮನೇಲಿ ಇಪ್ಪತ್ತಾರು ವರ್ಷದಿಂದ ಎರಡೂ ನಂದೇ. ಹಂಗಾದ್ರೆ ವಾಸಿ ಬಿಡು. ನಿನ್ ಮೇಲೆ ಕೋಪ ಹೋಗಿಲ್ಲ, ಗೊತ್ತಿರ್ಲಿ. ಮದ್ವೆ ಊಟ ಹಾಕಿಲ್ಲ ನೀನು."

ಎಲ್ಲರೂ ಅತ್ತೆಯಂತಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಿಂದ ದೊಡ್ಡಪ್ಪನ ಮಗ ಹೊರಟುಹೋದ. ಅವನ ಹಿಂದೆ ಇನ್ನಿಬ್ಬರು. ಹೆಚ್ಚಿನವರು ಏನೂ ಬರೆಯಲಿಲ್ಲ. ಒಂದು ಹೂವಿನ ಚಿತ್ರ ಮಾತ್ರ ಬಂತು, ಅನುಗೊಂಡನಹಳ್ಳಿಯ ಚಿಕ್ಕಮ್ಮನಿಂದ. ಆಕೆ ದಿನವೂ ಕಳಿಸುವ ಹೂವೋ ಇದಕ್ಕೆಂದೇ ಕಳಿಸಿದ್ದೋ ತಿಳಿಯಲಿಲ್ಲ. ಲೆಕ್ಕದಲ್ಲಿ ನಮ್ಮ ಕಡೆಗೇ ಬರೆದುಕೊಂಡೆ.

ಶುಕ್ರವಾರ, ಅದೇ ಅಡುಗೆಮನೆ

ಬೆಳಗ್ಗೆ ಎದ್ದಾಗ ಮೆಟ್ಟಿಲ ಮೇಲೆ ಏನೋ ಸದ್ದು. ಅಮ್ಮ ಕ್ಯಾಲೆಂಡರ್ ಇಳಿಸಿ, ಫೋಟೋದ ಗಾಜನ್ನು ಸೆರಗಿನಿಂದ ಒರೆಸಿ, ಮೊಳೆಗೆ ಹಾಕುತ್ತಿದ್ದಳು. ಸೊಟ್ಟಗಿತ್ತು. ಹಿಂದಿನಿಂದ ಬಂದ ಅಕ್ಕ ಅದನ್ನು ಸರಿಮಾಡಿದಳು. ಅಕ್ಕ ಅಂದು ಅಮ್ಮನ ಕೈಯ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಳು.

ಬೆಥನ್ ಅದೇ ದುಭಾಷಿಯನ್ನು ಕೇಳಿ ಹಿಡಿದಿದ್ದಳು. "ನಮಸ್ಕಾರ್ರಿ ಅವ್ವಾರ" ಎಂದಿತು ಫೋನು. ಬೆಥನ್ ಇನ್ನೂ ಪೆನ್ನು ತೆಗೆದಿರಲಿಲ್ಲ, ಪ್ರಶ್ನೆ ಕೇಳಿರಲಿಲ್ಲ. ಅಮ್ಮ ಶುರುಮಾಡಿಬಿಟ್ಟಳು.

"ನೀವು ಕೇಳೋಕೆ ಮುಂಚೆ ನಾನೇ ಹೇಳ್ತೀನಿ. ಇವ್ಳು ನನ್ ಮಗಳು. ಇವ್ಳು ನನ್ ಮಗಳ ಹೆಂಡ್ತಿ, ನನ್ ಸೊಸೆ. ಬರೋ ಮಗೂಗೆ ಇಬ್ರೂ ಅಮ್ಮಂದಿರು. ನಾನು ಅಜ್ಜಿ. ಊರಲ್ಲಿ ಯಾರ್ ಕೇಳಿದ್ರೂ ಅದು ಇಷ್ಟೇ ಹೇಳ್ಲಿ. ಹೇಳೋಕೆ ಕಷ್ಟ ಆದ್ರೆ, ನಮ್ಮಜ್ಜೀನ ಕೇಳಿ ಅಂತ ನನ್ ಕಡೆ ಕೈ ತೋರಿಸ್ಲಿ. ನಾನ್ ಹೇಳ್ತೀನಿ."

ದುಭಾಷಿ ಹೇಳಿ ಮುಗಿಸುವವರೆಗೆ ಅಮ್ಮ ಬೆಥನ್‌ಳ ಮುಖವನ್ನೇ ನೋಡುತ್ತಿದ್ದಳು.

ಊರಿನವರಿಗೆ ಗೊತ್ತೇ ಎಂದು ಬೆಥನ್ ಕೇಳಿದಳು.

"ಮಂಗಳವಾರ ಗೊತ್ತಿರ್ಲಿಲ್ಲ. ಈಗ ಹೊಸಕೋಟೆ ಮಾರ್ಕೆಟ್ಗೆಲ್ಲಾ ಗೊತ್ತು. ಎಲ್ರೂ ಒಪ್ಪಿದಾರೆ ಅಂತ ನಾನ್ ಹೇಳಲ್ಲ. ಒಪ್ಪಿಲ್ಲ. ಮೂರು ಜನ ಮಾತು ಬಿಟ್ಟವ್ರೆ. ನಮ್ ಯಜಮಾನ್ರು ಇನ್ನೂ ಬಾಯಿ ಬಿಟ್ಟಿಲ್ಲ. ಬರ್ಕೊಳ್ಳಿ ಅದನ್ನೂ." ಆಮೇಲೆ ತಡೆದು, "ಹಾಸಿಗೆ ಹಾಕ್ಸಿದ್ದೂ ನಾನೇ. ಇವ್ರಿಗೆ ಗೊತ್ತಿರ್ಲಿಲ್ಲ. ಆ ತಪ್ಪು ಇವ್ರ ಲೆಕ್ಕಕ್ಕೆ ಬರೀಬೇಡಿ" ಎಂದಳು.

ಬೆಥನ್ ಬರೆದುಕೊಂಡಳು. ಹಾಸಿಗೆಯ ವಿಷಯ ವರದಿಯಲ್ಲಿ ಇರುತ್ತದೆ, ಬಿಡಲಾಗದು, ಶುಕ್ರವಾರದ ಮಾತೂ ಅದರ ಪಕ್ಕದಲ್ಲೇ ಇರುತ್ತದೆ ಎಂದಳು. ಅಕ್ಕ ಮೇಜಿನ ಕೆಳಗೆ ಕ್ಯಾರಿಸ್‌ಳ ಕೈ ಹಿಡಿದಿದ್ದಳು. ಆಮೇಲೆ ಇಬ್ಬರೂ ಕೈಯನ್ನು ಮೇಜಿನ ಮೇಲಕ್ಕೇ ತಂದರು.

ಫೋನು ಇಡುವ ಮೊದಲು ದನಿ ಒಂದು ಸಲ ಕೆಮ್ಮಿತು. "ಇದು ನನ್ನ ಮಾತ್ರಿ, ನಾ ಆಡಬಾರದು. ಛಲೋ ಹೇಳಿದ್ರಿ ಅವ್ವಾರ." ಮರುಕ್ಷಣವೇ ತನ್ನ ನಿಯಮ ನೆನಪಾಗಿ ಅದನ್ನೂ ಇಂಗ್ಲಿಷಿನಲ್ಲಿ ಹೇಳಿತು.

ಪ್ಯಾನಲ್ ದಿನ, ಮತ್ತೆ ಬಸ್ಸಿನಲ್ಲಿ

ಸಮಿತಿಯ ಮುಂದೆ ಹೋಗುವುದು ಅವರಿಬ್ಬರು ಮಾತ್ರ. ಮನೆಯಲ್ಲಿ ಕುಳಿತಿರಲು ಅಮ್ಮನಿಗೆ ಆಗಲಿಲ್ಲ. ಕ್ಯಾರಿಸ್‌ಳ ಬದಲಿಗೆ ಬಂದ ಕೆಂಪು ಮೀಸೆಯ ಡ್ರೈವರನ ಬಸ್ಸಿನಲ್ಲಿ ನಾವಿಬ್ಬರೂ ಗುಡ್ಡ ಇಳಿದೆವು, ಹತ್ತಿದೆವು, ಮತ್ತೆ ಇಳಿದೆವು. ಅಮ್ಮನ ಮಡಿಲಲ್ಲಿ ಸ್ಟೀಲ್ ಡಬ್ಬಿ. ಅದರಲ್ಲಿ ಕೊಬ್ಬರಿ ಮಿಠಾಯಿ.

"ಆಗ್ಲಿಲ್ಲ ಅಂದ್ರೆ?" ಎಂದೆ.

"ನಾವೇ ತಿನ್ನೋದು."

ಸಮಿತಿ ಕೂತಿದ್ದ ಕಚೇರಿಯ ಮುಂದಿನ ಸ್ಟಾಪು ಬಂದಾಗಲೆಲ್ಲ ಡ್ರೈವರ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದ. ಯಾರೂ ಗೊಣಗಲಿಲ್ಲ. ಹೂವಿನ ಚೀಲದ ಅಜ್ಜಿಯೂ ತನ್ನ ಸ್ಟಾಪು ಬಂದರೂ ಇಳಿಯದೆ ಕುಳಿತಿದ್ದಳು. ನಾಲ್ಕನೆಯ ಸುತ್ತಿನಲ್ಲಿ ಇಬ್ಬರೂ ಸ್ಟಾಪಿನಲ್ಲಿ ನಿಂತಿದ್ದರು. ಕ್ಯಾರಿಸ್‌ಳ ಮುಖವೆಲ್ಲ ಕೆಂಪಾಗಿ ಒದ್ದೆಯಾಗಿತ್ತು. ಆಗಲಿಲ್ಲ ಎಂದುಕೊಂಡೆ. ಬಾಗಿಲು ತೆರೆಯಿತು. ಅಕ್ಕ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇಡೀ ಬಸ್ಸಿಗೆ ಕೇಳುವಂತೆ, ಕನ್ನಡದಲ್ಲೇ ಕೂಗಿದಳು.

"ಅಮ್ಮಾ, ಆಯ್ತಮ್ಮಾ! ಎಲ್ರೂ ಒಪ್ಪಿದ್ರು!"

ಯಾರಿಗೂ ದುಭಾಷಿ ಬೇಕಾಗಲಿಲ್ಲ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಆ ದೇಶಕ್ಕೆ ಹೋದ ಮೇಲೆ ನಾನು ಕೇಳಿದ ಮೊದಲ ಹಾರ್ನ್ ಅದು, ಊರಿಗೆ ಬಂದಂತಾಯಿತು. ಅಮ್ಮ ಕ್ಯಾರಿಸ್‌ಳ ಬಾಯಿಗೆ ತಾನೇ ಮಿಠಾಯಿ ಇಟ್ಟು, ಡಬ್ಬಿ ಹಿಡಿದು ಸೀಟಿನಿಂದ ಸೀಟಿಗೆ ಹೋದಳು.

ಸಮಿತಿಯವರು ಹಾಸಿಗೆಯ ವಿಷಯ ಕೇಳಿದರೇ ಎಂದು ಅಕ್ಕನನ್ನು ವಿಚಾರಿಸಿದೆ. ಮೊದಲು ಕೇಳಿದ್ದೇ ಅದಂತೆ. "ಏನಂದೆ?"

"ಇದ್ದಿದ್ದನ್ನೇ ಹೇಳ್ದೆ. ಅಪ್ಪ ಅಮ್ಮಂಗೆ ಹೇಳೋಕೆ ನಂಗೆ ಹತ್ತು ವರ್ಷ ಬೇಕಾಯ್ತು, ನಮ್ಮಮ್ಮ ಒಂದೇ ದಿನದಲ್ಲಿ ಊರಿಗೆಲ್ಲಾ ಹೇಳಿದ್ಳು ಅಂದೆ. ಕ್ಯಾರಿಸ್ ಅಳೋಕೆ ಶುರು ಮಾಡಿದ್ಳು. ಅಲ್ಲಿ ಬರ್ಕೋತಿದ್ದ ಯಪ್ಪನೂ ಕನ್ನಡಕ ತೆಗೆದು ಒರೆಸ್ಕೊಂಡ."

ಇಳಿಯುವಾಗ ಅಮ್ಮ ಡ್ರೈವರನ ಮುಂದೆ ನಿಂತು, ಅಜ್ಜಿಯಿಂದ ಕಲಿತ ವೆಲ್ಷ್ ಥ್ಯಾಂಕ್ಸನ್ನು ತನ್ನದೇ ರಾಗದಲ್ಲಿ ಹೇಳಿದಳು. "ದಿಯೋಲ್ಖ್ ಕಣಪ್ಪಾ."

ಆವತಿ

ಅಪ್ಪ ನಿಲ್ದಾಣಕ್ಕೆ ಬಂದಿದ್ದರು. ದಾರಿಯುದ್ದಕ್ಕೂ ಗೂಡು ಚೆನ್ನಾಗಿ ಬಂತು, ಮಳೆ ಬರಲಿಲ್ಲ ಎಂಬ ಮಾತಷ್ಟೇ. ಅಮ್ಮ ಪ್ಯಾನಲ್ ಬಗ್ಗೆ, ಬಸ್ಸಿನ ಬಗ್ಗೆ ಹೇಳಿದಳು. ಅಪ್ಪ ಹ್ಞೂಂ ಎಂದರು. ಮಗು ಇನ್ನೂ ಗೊತ್ತಾಗಿಲ್ಲ, ಹೊಂದುವ ಮಗು ಸಿಗಲು ತಿಂಗಳುಗಳೇ ಆಗಬಹುದು, ಇಲ್ಲಿಗೆ ಕರೆತರಲು ಇನ್ನೂ ಹೊತ್ತು ಹಿಡಿಯಬಹುದು ಎಂದೂ ಹೇಳಿದಳು. ಅದಕ್ಕೂ ಹ್ಞೂಂ. ಅಮ್ಮ ನನ್ನ ಮುಖ ನೋಡಿದಳು.

ಬ್ಯಾಗು ಇಡಲು ಬೀದಿ ಕಡೆಯ ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಹೊಸ ಮರದ ವಾಸನೆ. ನಡುವೆ ಅಗಲವಾದ ಜೋಡಿ ಮಂಚ, ಇಬ್ಬರು ಆರಾಮಾಗಿ ಮಲಗುವಂಥದ್ದು. ಕಿರಿದಾದ ಹಳೆಯ ಮಂಚಗಳಲ್ಲಿ ಒಂದು ಕಾಣಲಿಲ್ಲ. ಇನ್ನೊಂದು ಜೋಡಿ ಮಂಚಕ್ಕೆ ತಾಗಿಕೊಂಡೇ ಇತ್ತು. ಅದರ ನಾಲ್ಕು ಕಾಲುಗಳನ್ನೂ ಮೊಣಕಾಲಿಗಿಂತ ಕೆಳಕ್ಕೆ ಕೊಯ್ಸಿ, ಪಕ್ಕಕ್ಕೆ ಚಂದ್ರಿಕೆಯ ಬಿದಿರಿನಿಂದ ತಡೆ ಕಟ್ಟಿದ್ದರು. ಎರಡಕ್ಕೂ ಹಾಸಿಗೆ ಹಾಸಿ ಆಗಿತ್ತು.

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಹಿಂದಿನಿಂದ ಬಂದು, ಬೀದಿಯಲ್ಲಿ ಹೋಗುವವರಿಗೆ ಕಾಣಲಿ ಎಂಬಂತೆ ಕಿಟಕಿಯ ಎರಡೂ ಬಾಗಿಲು ತೆರೆದರು.

"ತಗ್ಗಿಸ್ದೆ. ಮಗು ಬಿದ್ರೂ ಏಟಾಗ್ಬಾರ್ದು" ಎಂದರು.